ಪಶ್ಚಿಮದ ಮಾಡು, ಅಪ್ಪನ ಲೆಕ್ಕ

ಕೆಲಸ ಇಷ್ಟು: ಮಂಗಳೂರಿನ ಜೆಪ್ಪು ಕಡೆ ಇರುವ ನಮ್ಮ ಹಳೇ ಮನೆಯ ಪಶ್ಚಿಮದ ಮಾಡನ್ನು, ಅಂದರೆ ಹಂಚಿನ ಸೂರನ್ನು, ಪೂರ್ತಿ ಬಿಚ್ಚುವುದು, ಮರ ನೋಡುವುದು, ಹಂಚು ತೊಳೆದು ಬಡಿದು ವಿಂಗಡಿಸುವುದು, ಪತ್ತನಾಜೆಯೊಳಗೆ ತಿರುಗಿ ಹೊದೆಸುವುದು. ಪೂರ್ವದ ಕಡೆ ಸುಮ್ನೆ ಕೈಯಾಡಿಸಿದರೆ ಸಾಕು. ಅಡಿಗೆ ಕೋಣೆಯ ಮಾಡಿಗೆ ಈ ಸಲ ಕೈ ಹಾಕುವುದಿಲ್ಲ. ಕೆಲಸಕ್ಕೆ ಜನ ನಾನು, ತಮ್ಮ, ನೆರೆಮನೆಯ ಬಡಗಿ. ಕೆಳಗೆ ಅಂಗಳದಲ್ಲಿ ಕುರ್ಚಿ ಹಾಕಿ ಕೂತು ಎಲ್ಲರಿಗೂ ಬೈಯುವುದಕ್ಕೆ ಅಮ್ಮ.

ಪತ್ತನಾಜೆ ಅಂದರೆ ತುಳುವರ ಬೇಸ್ಯ ತಿಂಗಳ ಹತ್ತನೇ ದಿನ, ಮೇ 24ರ ಹೊತ್ತಿಗೆ ಬರುತ್ತದೆ. ಅಲ್ಲಿಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಭೂತಗಳ ಕೋಲ ನೇಮ ನಿಲ್ಲುತ್ತದೆ. ಆಮೇಲೆ ಮಳೆ ಯಾವತ್ತು ಬಂದರೂ ಬರಬಹುದು. ಇಲ್ಲಿ ವರ್ಷಕ್ಕೆ ಬೀಳುವುದು 3,500 ಮಿಲಿಮೀಟರಿನ ಆಸುಪಾಸು, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಹಾಗಾಗಿ ಹಂಚಿನ ಮನೆಯವರಿಗೆ ವರ್ಷದ ಲೆಕ್ಕ ಯುಗಾದಿಯಿಂದ ಅಲ್ಲ, ಪತ್ತನಾಜೆಯಿಂದ.

ಇಷ್ಟು ವರ್ಷ ಈ ಕೆಲಸ ಅಪ್ಪನದ್ದು. ಕಳೆದ ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಅವರು ತೀರಿಕೊಂಡರು. ಅದಕ್ಕೆ ಮೊದಲಿನ ಬೇಸಿಗೆಯಲ್ಲಿ ಅವರಿಗೆ ಏಣಿ ಹತ್ತಲು ಆಗಲಿಲ್ಲ. ಕೂಲಿಗೆ ಜನ ಕರೆಸಿ ಒಡೆದ ಹಂಚು ಬದಲಾಯಿಸಿದ್ದೆವು. ಅಪ್ಪ ಜಗಲಿಯಲ್ಲಿ ಕೂತು ಸದ್ದು ಕೇಳುತ್ತಿದ್ದರು. "ಅದು ನಮ್ಮ ಹಂಚಿನ ಸ್ವರ ಅಲ್ಲ" ಅಂತ ಒಮ್ಮೆ ಅಂದರು. ಕಾಯಿಲೆಯವರ ಮಾತು ಅಂತ ಯಾರೂ ತಲೆಗೆ ಹಾಕಿಕೊಳ್ಳಲಿಲ್ಲ.

ಅವರಿಗೆ ಸ್ವರ ಗೊತ್ತಿತ್ತು. ನೇತ್ರಾವತಿ ದಡದ ಒಂದು ಹಂಚಿನ ಕಾರ್ಖಾನೆಯಲ್ಲಿ ಅವರಿಗೆ ಕೆಲಸ. ಆ ಕಾರ್ಖಾನೆ ಈಗ ಇಲ್ಲ. ಭಟ್ಟಿಯಿಂದ ಹೊರಗೆ ಬಂದ ಹಂಚನ್ನು ಬಡಿದು ನೋಡಿ ನಂಬರು ಹಾಕುವುದು ಅವರ ಪಾಲಿನದ್ದು. ಎಡಗೈಯ ಎರಡು ಬೆರಳಲ್ಲಿ ಹಂಚಿನ ಮೇಲಂಚು ಹಿಡಿದು ನೇತಾಡಿಸುವುದು, ಬಲಗೈ ಬೆರಳಿನ ಗೆಣ್ಣಿನಿಂದ ನಡುವೆ ಒಂದು ಕುಟ್ಟು. ಟಣ್ ಅಂದರೆ ಒಂದನೇ ನಂಬರು, ಹದವಾಗಿ ಬೆಂದಿದೆ ಅಂತ ಅರ್ಥ. ಸ್ವರ ಮಂಕಾದರೆ ಎರಡನೇದು. ಡಬ್ ಅಂದರೆ ಒಳಗೆ ಎಲ್ಲೋ ಕಣ್ಣಿಗೆ ಕಾಣದ ಬಿರುಕಿದೆ, ಆಚೆ. ಹಂಚನ್ನು ಬಿಗಿ ಹಿಡಿದರೆ ಸ್ವರ ಸಾಯುತ್ತದೆ, ಒಳ್ಳೇ ಹಂಚೂ ಡಬ್ ಅನ್ನುತ್ತದೆ. ನೇತಾಡಿಸಿಯೇ ಹಿಡಿಯಬೇಕು. ಅಪ್ಪನ ಬಲಗೈ ನಡುಬೆರಳಿನ ಗೆಣ್ಣು ಇದರಿಂದಲೇ ದಪ್ಪವಾಗಿ ಗಂಟು ಕಟ್ಟಿತ್ತು. ಬಸ್ಸಲ್ಲಿ ಕೂತರೂ ಎದುರಿನ ಸೀಟಿಗೆ ಕುಟ್ಟಿ ನೋಡುವ ಚಾಳಿ.

ಕಾರ್ಖಾನೆ ಮುಚ್ಚುವಾಗ ಅವರು ಒಂದು ಲಾರಿ ಹಂಚು ಕೊಂಡು ತಂದರು. ಒಂದೊಂದನ್ನೂ ಅವರೇ ಬಡಿದು ಆರಿಸಿದ್ದು. ಕೊಟ್ಟಿಗೆ ಹಿಂದೆ ಅದರ ಅಟ್ಟಿ ಇದೆ. ಅಮ್ಮನಿಗೆ ಆ ಅಟ್ಟಿ ಕಂಡರೆ ಆಗುವುದಿಲ್ಲ. ಅದರಡಿ ಹಾವಿದೆ ಅಂತ ಅವರ ವಾದ. ಇರಬಹುದು ಕೂಡ.

ಸೋರುವ ಜಾಗ ಹುಡುಕಿದ್ದು

ಹಂಚಿನ ಮನೆಯಲ್ಲಿ ಸೋರುವ ಜಾಗ ಹುಡುಕುವುದು ಸುಲಭ ಅಂತ ಕಾಣುತ್ತದೆ. ಅಲ್ಲ. ನೀರು ಒಳಗೆ ಬರುವ ಜಾಗ ಒಂದು, ಬೀಳುವ ಜಾಗ ಇನ್ನೊಂದು. ಹಂಚಿನ ಹೊಟ್ಟೆಯಡಿ ಹರಿದು, ಹಂಚು ಕೂರುವ ಮರದ ಅಡ್ಡಪಟ್ಟಿ ರೀಪಿಗೆ ಬರುತ್ತದೆ. ರೀಪಿನಿಂದ, ಅದನ್ನು ಹೊತ್ತ ಇಳಿಜಾರು ತೊಲೆ ಪಕ್ಕಾಸಿಗೆ ಇಳಿಯುತ್ತದೆ. ಪಕ್ಕಾಸಿನ ಬದಿ ಹಿಡಿದು ಎರಡು ಮೂರು ಅಡಿ ಕೆಳಗೆ ಹೋಗಿ, ಎಲ್ಲೋ ಒಂದು ಮೊಳೆಯ ತುದಿಯಿಂದ ತೊಟ್ಟಿಕ್ಕುತ್ತದೆ. ನಾವು ತೊಟ್ಟಿಕ್ಕುವ ಜಾಗದ ನೇರ ಮೇಲಿನ ಹಂಚು ಬದಲಾಯಿಸಿ ಕೈ ತೊಳೆದುಕೊಳ್ಳುತ್ತೇವೆ. ಮುಂದಿನ ಮಳೆಗೆ ಅಲ್ಲೇ ಬಕೆಟ್.

ನಮ್ಮ ಬಕೆಟ್ಟಿನ ಜಾಗ ಚಾವಡಿಯ, ಅಂದರೆ ಹಜಾರದ, ನಡುವೆ. ಅಪ್ಪ ಹೋದ ದಿನವೂ ಅಲ್ಲೇ ಸೋರಿತ್ತು. ಅವರನ್ನು ಚಾವಡಿಯಲ್ಲೇ ಮಲಗಿಸಿದ್ದೆವು, ಹೊರಗೆ ಆಟಿಯ ಮಳೆ, ಒಳಗೆ ಬಂದವರೆಲ್ಲ ನೀರು ಬೀಳುವ ಜಾಗ ತಪ್ಪಿಸಿ ಕೂತಿದ್ದರು. ಅಪ್ಪನ ಜೊತೆ ಕಾರ್ಖಾನೆಯಲ್ಲಿದ್ದ ಮುದುಕರೊಬ್ಬರು ಬಂದರು. ಕಾಲ ಬಳಿ ಸ್ವಲ್ಪ ಹೊತ್ತು ನಿಂತರು. ತಲೆಯೆತ್ತಿ ಮಾಡು ನೋಡಿ, "ಇವನ ಮಾಡು ಸೋರುವುದಾ!" ಅಂದರು. ಬೇರೇನೂ ಹೇಳದೆ ಹೋದರು. ಬೊಜ್ಜ (ಉತ್ತರಕ್ರಿಯೆ) ಮುಗಿಯುವ ತನಕ ಅಷ್ಟು ಜನ ಅಷ್ಟು ಒಳ್ಳೆಯ ಮಾತು ಹೇಳಿದ್ದಾರೆ. ನನಗೆ ಪೂರ್ತಿ ನೆನಪಿರುವುದು ಇದೊಂದೇ.

ಹಾಗಾಗಿ ಏಪ್ರಿಲ್‌ನಲ್ಲಿ ಮೊದಲು ಮಾಡಿದ್ದು ಪರೀಕ್ಷೆ. ನಡು ಮಧ್ಯಾಹ್ನ, ಬಾಗಿಲು ಕಿಟಕಿ ಎಲ್ಲ ಮುಚ್ಚಿ ಚಾವಡಿಯಲ್ಲಿ ಅಂಗಾತ ಮಲಗಿ ಮೇಲೆ ನೋಡಿದೆವು. ಒಡೆದ ಹಂಚಿದ್ದರೆ ಬೆಳಕಿನ ಚುಕ್ಕಿ ಕಾಣಬೇಕು. ಚುಕ್ಕಿ ಇರಲಿಲ್ಲ. ಅಲ್ಲಲ್ಲಿ ಎರಡು ಹಂಚು ಕೂಡುವ ಕಡೆ ಕೂದಲೆಳೆಯಷ್ಟು ತೆಳುವಾದ ಉದ್ದ ಗೆರೆ ಕಾಣುತ್ತಿತ್ತು. ಅಷ್ಟೇ.

ಮರುದಿನ ಪೈಪು ಹಿಡಿದು ನೀರು ಬಿಟ್ಟೆವು. ಇದನ್ನು ಕೆಳಗಿನ ಸಾಲಿನಿಂದ ಶುರು ಮಾಡಬೇಕು. ಒಂದು ಸಾಲು ಪೂರ್ತಿ ನೆನೆಸಿ, ಒಳಗಿನವರು 'ಇಲ್ಲ' ಅಂದ ಮೇಲೆ ಮಾತ್ರ ಮೇಲಿನ ಸಾಲಿಗೆ. ಮೇಲಿಂದ ಬಿಟ್ಟರೆ ನೀರು ಎಲ್ಲ ಸಾಲಿನ ಮೇಲೂ ಹರಿಯುತ್ತದೆ, ಯಾವುದು ಕಳ್ಳ ಅಂತ ಗೊತ್ತಾಗುವುದೇ ಇಲ್ಲ. ತಮ್ಮ ಏಣಿ ಮೇಲೆ, ನಾನು ಒಳಗೆ. ನೆತ್ತಿಯಿಂದ ಕೆಳಗೆ ನಾಲ್ಕನೇ ಸಾಲಿಗೆ ಬಂದಾಗ ಚಾವಡಿಗೆ ಮೊದಲ ಹನಿ ಬಿತ್ತು. ಬಿದ್ದ ಜಾಗಕ್ಕೂ ಆ ಸಾಲಿಗೂ ಮಾರು ದೂರ.

ಮೇಲೆ ಹತ್ತಿ ನೋಡಿದರೆ ಆ ಸಾಲಲ್ಲಿ ಎಲ್ಲ ಹಂಚೂ ಗಟ್ಟಿ. ಆದರೆ ಕೆಲವು ಬೇರೆ ಕಂಪನಿಯವು. ಬಣ್ಣ ಒಂದೇ, ಅಳತೆಯೂ ನೋಡುವುದಕ್ಕೆ ಒಂದೇ. ಆದರೆ ಮಂಗಳೂರು ಹಂಚಿನ ಜೀವ ಇರುವುದು ಅದರ ಬದಿಯ ತೋಡು ಮತ್ತು ದಿಂಡಿನಲ್ಲಿ. ಒಂದು ಹಂಚಿನ ದಿಂಡು ಪಕ್ಕದ ಹಂಚಿನ ತೋಡಿನಲ್ಲಿ ಕೂರಬೇಕು. ಒಂದೊಂದು ಕಾರ್ಖಾನೆಯ ಅಚ್ಚು ಒಂದೊಂದು. ಬೇರೆ ಅಚ್ಚಿನ ಹಂಚು ಮೇಲೆ ಕೂತ ಹಾಗೆ ಕಾಣುತ್ತದೆ, ಒಳಗೆ ಬೆಂಕಿಕಡ್ಡಿಯಷ್ಟು ಎದ್ದಿರುತ್ತದೆ. ನೇರ ಬೀಳುವ ಮಳೆಗೆ ಏನೂ ಆಗುವುದಿಲ್ಲ. ಪಶ್ಚಿಮದ ಗಾಳಿ ಮಳೆಯನ್ನು ಇಳಿಜಾರಿನಲ್ಲಿ ಮೇಲ್ಮುಖ ತಳ್ಳಿದಾಗ ನೀರು ಆ ಸಂದಿಯಲ್ಲಿ ಒಳಗೆ ಬರುತ್ತದೆ. ಕೂಲಿಯವರು ಹಾಕಿ ಹೋದ ಹಂಚು ಇವು. ಕೊಟ್ಟಿಗೆ ಹಿಂದೆ ಅಟ್ಟಿ ಇರುವಾಗ ಪೇಟೆಯಿಂದ ಹಂಚು ತಂದಿದ್ದರು.

ಅದು ನಮ್ಮ ಹಂಚಿನ ಸ್ವರ ಅಲ್ಲವೇ ಅಲ್ಲ. ಅಪ್ಪ ಹೇಳಿದ್ದು ಕಾಯಿಲೆಯ ಮಾತಲ್ಲ.

ಇಳಿಸುವುದು

ಹಂಚಿನ ಮೇಲೆ ನಡೆಯುವುದಕ್ಕೆ ಒಂದೇ ನಿಯಮ. ಮೇಲಿನ ಹಂಚು ಕೆಳಗಿನದ್ದರ ಮೇಲೆ ಕೂರುವ ಜಾಗ ನೋಡಿ ಕಾಲಿಡಬೇಕು. ಅಲ್ಲಿ ಅಡಿಯಲ್ಲಿ ರೀಪು ಇರುತ್ತದೆ, ಭಾರ ಅದಕ್ಕೆ ಹೋಗುತ್ತದೆ. ಹಂಚಿನ ಹೊಟ್ಟೆಗೆ ತುಳಿದರೆ ಮುಗಿಯಿತು. ಹಾವಸೆ ಇದ್ದರೆ ಒಣ ಬಿಸಿಲಲ್ಲೂ ಜಾರುತ್ತದೆ. ನಾವು ಸೊಂಟಕ್ಕೆ ಹಗ್ಗ ಕಟ್ಟಿ ಪೂರ್ವದ ಕಡೆಯ ತೆಂಗಿನ ಮರಕ್ಕೆ ಬಿಗಿದಿದ್ದೆವು. ಅಪ್ಪ ಯಾವತ್ತೂ ಹಗ್ಗ ಕಟ್ಟಿದವರಲ್ಲ. ಈ ವಿಷಯದಲ್ಲಿ ಮಾತ್ರ ಅವರ ದಾರಿ ಬೇಡ.

ಮೊದಲು ನೆತ್ತಿಯ ಟೊಪ್ಪಿ ಹಂಚು. ಅದಕ್ಕೆ ಗಾರೆ ಹಾಕಿರುತ್ತಾರೆ. ಗಾರೆಯನ್ನು ಉಳಿಯಿಂದ ಮೆಲ್ಲ ಬಿಡಿಸಿದರೆ ಹಂಚು ಉಳಿಯುತ್ತದೆ. ಆಮೇಲೆ ಮೇಲಿನಿಂದ ಕೆಳಗೆ ಸಾಲು ಸಾಲಾಗಿ ಕೈಯಿಂದ ಕೈಗೆ. ಒಂದು ಹಂಚಿನ ತೂಕ ಎರಡೂವರೆ ಕಿಲೋ ಆಸುಪಾಸು, 100 ಚದರಡಿಗೆ 140ರಷ್ಟು ಹಂಚು ಬೇಕು. ಲೆಕ್ಕ ಹಾಕಿ ನೋಡಿ, ಸಂಜೆ ಹೊತ್ತಿಗೆ ಭುಜ ಯಾಕೆ ನೋಯುತ್ತದೆ ಅಂತ ಗೊತ್ತಾಗುತ್ತದೆ.

ಇಲ್ಲಿ ಅಪ್ಪನ ವಿಷಯ ಹೇಳಬೇಕು. ನೆಲದ ಮೇಲೆ ಅವರು ಎಲ್ಲ ಅಪ್ಪಂದಿರ ಹಾಗೆಯೇ. ಮಾತು ಕಮ್ಮಿ, ಪ್ರೋಗ್ರೆಸ್ ಕಾರ್ಡಿಗೆ ಸಹಿ, ಊಟ ಆಯ್ತಾ ಅಂತ ಒಂದು ಪ್ರಶ್ನೆ. ಮಾಡು ಹತ್ತಿದರೆ ಬೇರೆಯೇ ಜನ. ನಾನು ಏಳನೇ ಕ್ಲಾಸಿನಲ್ಲಿರುವಾಗಿನಿಂದ ಅವರ ಜೊತೆ ಹತ್ತುತ್ತಿದ್ದೆ. ಹೆಣ್ಣುಮಗು ಮಾಡು ಹತ್ತುವುದಾ ಅಂತ ಆಚೆ ಮನೆಯವರು ಕೇಳಿದ್ದಕ್ಕೆ, "ತೂಕ ಕಮ್ಮಿ, ಹಂಚು ಒಡೆಯುವುದಿಲ್ಲ" ಅಂದಿದ್ದರು. ಮೇಲೆ ಕೂತು ಅವರು ನನ್ನ ಅಭಿಪ್ರಾಯ ಕೇಳುತ್ತಿದ್ದರು. "ನೀನೇನು ಹೇಳ್ತೀ, ಈ ರೀಪು ಇನ್ನೊಂದು ಮಳೆ ತಡೀತದಾ?" ಇಲ್ಲ ಅಂದರೆ ಬದಲಾಯಿಸುತ್ತಿದ್ದರು. ಹನ್ನೆರಡು ವರ್ಷದ ಹುಡುಗಿಯ ಮಾತಿಗೆ ಒಂದು ರೀಪಿನ ಖರ್ಚು! ಮನೆಯ ಬೇರೆ ಯಾವ ಖರ್ಚಿನಲ್ಲೂ ನಮ್ಮ ಮಾತು ನಡೆಯುತ್ತಿರಲಿಲ್ಲ.

ಅವರ ಕಥೆಯೆಲ್ಲ ನಾನು ಕೇಳಿದ್ದು ಅಲ್ಲೇ. 1974ರ ನೆರೆಗೆ ನೇತ್ರಾವತಿಯಲ್ಲಿ ಮರದ ದಿಮ್ಮಿ, ದನ, ಯಾರದೋ ಮನೆಯ ಮಾಡು ತೇಲಿ ಹೋದದ್ದು. ಬೊಂಬಾಯಿಗೆ ಹೋಗಿ ಹೋಟೆಲು ಸೇರಬೇಕು ಅಂತ ಟ್ರಂಕು ಕಟ್ಟಿದ್ದು, ಅಜ್ಜಿ ಟ್ರಂಕಿನ ಮೇಲೆ ಕೂತು ಏಳದೇ ಇದ್ದದ್ದು. ಭಟ್ಟಿಯ ಕೆಲಸದ ಗೆಳೆಯನ ಜೊತೆ ಮುನ್ನೂರು ರೂಪಾಯಿಗೆ ಮಾತು ಬಿಟ್ಟದ್ದು. ಅಮ್ಮನಿಗೆ ಆ ಮುನ್ನೂರರ ವಿಷಯ ಇವತ್ತಿಗೂ ಗೊತ್ತಿಲ್ಲ, ಇದನ್ನು ಓದಿದರೆ ಗೊತ್ತಾಗುತ್ತದೆ. ನನ್ನ ವಿಷಯವೂ ಹಾಗೇ. ಒಂದು ಸಂಬಂಧ ಬಂದಿತ್ತು, ಮನೆಯಲ್ಲಿ ಎಲ್ಲರಿಗೂ ಒಪ್ಪಿಗೆ. ನನಗೆ ಬೇಡ ಅಂತ ಮೊದಲು ಹೇಳಿದ್ದು ಮಾಡಿನ ಮೇಲೆ, ಅಪ್ಪನಿಗೆ. ಅವರು ಕೈಯಲ್ಲಿದ್ದ ಹಂಚು ಕೂರಿಸಿದರು, ಇನ್ನೊಂದಕ್ಕೆ ಕೈ ಚಾಚಿದರು. "ಸರಿ, ಕೆಳಗೆ ನಾನು ಹೇಳ್ತೇನೆ" ಅಂದರು. ಹೇಳಿದರು ಕೂಡ. ಯಾಕೆ ಬೇಡ ಅಂತ ಅವರು ಕೇಳಲೇ ಇಲ್ಲ. ಅಂಥದ್ದು ಅಪ್ಪಂದಿರು ಕೇಳುತ್ತಾರೆ, ಗೆಳೆಯರು ಕೇಳುವುದಿಲ್ಲ.

ಮರ

ಹಂಚು ಇಳಿದ ಮೇಲೆ ರೀಪು, ಪಕ್ಕಾಸು ಎದುರಿಗೆ. ಪಕ್ಕಾಸು ಕಿರಾಲ್‌ಬೋಗಿ ಮರದ್ದು. ಅದಕ್ಕೆ ಏನೂ ಆಗಿರಲಿಲ್ಲ. ಮೊಳೆ ಹೊಡೆದರೆ ಮೊಳೆಯೇ ಬಗ್ಗುತ್ತದೆ, ಅಂಥ ಮರ. ರೀಪು ಬೇರೆ ಬೇರೆ ಕಾಲದ್ದು, ಬೇರೆ ಬೇರೆ ಮರದ್ದು. ಚಾವಡಿಯ ಮೇಲಿನ ಕೆಲವಕ್ಕೆ ಕುಟ್ಟೆ ಹಿಡಿದಿತ್ತು. ಸ್ಕ್ರೂಡ್ರೈವರಿನ ಮೊನೆ ಒತ್ತಿದರೆ ಹಿಟ್ಟು ಉದುರುತ್ತದೆ. ಅಂಥದ್ದನ್ನೆಲ್ಲ ತೆಗೆದು ಹಾಕಿದೆವು. ಹಳೇ ಕಬ್ಬಿಣದ ಮೊಳೆಗಳಂತೂ ಸಮುದ್ರದ ಗಾಳಿಗೆ ಬೀಡಿಯಷ್ಟು ಉಬ್ಬಿ ಮರವನ್ನು ಒಳಗಿಂದ ಸೀಳಿದ್ದವು. ಈ ಸಲ ಸ್ಟೇನ್‌ಲೆಸ್ ಸ್ಕ್ರೂ. ಖರ್ಚು ಜಾಸ್ತಿ, ಆದರೆ ಮುಂದೆ ಬಿಚ್ಚುವಾಗ ಬೈಗುಳ ಕಮ್ಮಿ.

ನಡುವಿನ ಪಕ್ಕಾಸೊಂದರ ಬದಿಯಲ್ಲಿ ಪೆನ್ಸಿಲಿನಲ್ಲಿ ಬರೆದದ್ದು ಕಂಡಿತು. ಬಡಗಿಗಳ ಚಪ್ಪಟೆ ಪೆನ್ಸಿಲು, ಅಪ್ಪನ ಅಕ್ಷರ, ಸಾಲಿನ ಮೇಲೆ ಸಾಲು. ಕೆಳಗಿನಿಂದ ನೋಡಿದರೆ ಕಾಣುವ ಜಾಗ ಅಲ್ಲ, ಹಂಚು ತೆಗೆದವರಿಗೆ ಮಾತ್ರ ಕಾಣುತ್ತದೆ. ಭಾವುಕ ಮಾತು ಏನೂ ಇಲ್ಲ. ಪೂರ್ತಿ ಲೆಕ್ಕ. "98 – ರೀಪು 11, ಹಲಸು." "2003 – ನೆತ್ತಿ ಗಾರೆ, ಸುಣ್ಣ ಸೇರಿಸಿ." ಅದರ ಕೆಳಗೆ ಒಡೆದ ಹಂಚಿನ ಪಟ್ಟಿ, ಒಡೆದವರ ಹೆಸರಿನ ಜೊತೆ: "ಕಾಯಿ 3. ಮಂಗ 5. ಬೆಕ್ಕು 1. ಮಗಳು 2. ನಾನು 4."

ತಮ್ಮ ಅದನ್ನು ಗಟ್ಟಿಯಾಗಿ ಓದಿದ. ಬಡಗಿಗೆ ನಗು ತಡೆಯಲಾಗಲಿಲ್ಲ. ಬೆಕ್ಕು ಒಂದು ಹಂಚು ಹೇಗೆ ಒಡೆಯಿತು ಅಂತ ನಮಗೆ ಇನ್ನೂ ಅರ್ಥವಾಗಿಲ್ಲ. 'ತೂಕ ಕಮ್ಮಿ, ಹಂಚು ಒಡೆಯುವುದಿಲ್ಲ' ಅಂತ ಊರಿಗೆಲ್ಲ ಹೇಳಿದವರು ಇಲ್ಲಿ ಗುಟ್ಟಾಗಿ ನನ್ನ ಖಾತೆಗೆ ಎರಡು ಬರೆದಿಟ್ಟಿದ್ದರು. ಲೆಕ್ಕ ಅಂದರೆ ಲೆಕ್ಕ. ತಮ್ಮನ ಹೆಸರು ಎಲ್ಲೂ ಇಲ್ಲ, ಅವನು ಆಗ ಏಣಿ ಕಂಡರೇ ಓಡುತ್ತಿದ್ದ. ಅದನ್ನು ಅವನಿಗೆ ನೆನಪಿಸಿದೆ.

ಇದು ತಮಾಷೆ ಮಾತ್ರ ಅಲ್ಲ, ಕೆಲಸಕ್ಕೂ ಬಂತು. ಪಟ್ಟಿಯಲ್ಲಿ ಹಲಸು ಅಂತ ಬರೆದ ರೀಪುಗಳೆಲ್ಲ ಗಟ್ಟಿ ಇದ್ದವು. ಕುಟ್ಟೆ ಹಿಡಿದದ್ದು ಆಮೇಲೆ ಹಾಕಿದ, ಮರದ ಹೆಸರು ಬರೆಯದ ರೀಪುಗಳಿಗೆ. ಹೊಸದಕ್ಕೂ ಹಲಸೇ ಹುಡುಕಿದೆವು.

ಇದಕ್ಕೆ ಗೇರೆಣ್ಣೆ ಬಳಿದೆವು. ಗೇರು ಬೀಜದ ಸಿಪ್ಪೆಯಿಂದ ಬರುವ ಕಪ್ಪು ಎಣ್ಣೆ. ಈ ಊರಲ್ಲಿ ಗೇರು ಕಾರ್ಖಾನೆಗಳಿಗೆ ಕಮ್ಮಿ ಇಲ್ಲದ್ದರಿಂದ ಹಿಂದಿನಿಂದಲೂ ಮರಕ್ಕೆ, ದೋಣಿಗೆ ಇದನ್ನೇ ಬಳಿಯುವುದು. ಒರಲೆ, ಕುಟ್ಟೆ ಹತ್ತಿರ ಬರುವುದಿಲ್ಲ. ಚರ್ಮಕ್ಕೆ ತಾಗಿದರೆ ಮಾತ್ರ ಸುಟ್ಟು ಬೊಕ್ಕೆ ಏಳುತ್ತದೆ. ರಬ್ಬರ್ ಗ್ಲೌಸು ಹಾಕಬೇಕು, ಮೊಣಕೈ ತನಕ ತೆಂಗಿನೆಣ್ಣೆ ಹಚ್ಚಿಕೊಂಡಿದ್ದರೆ ಇನ್ನೂ ಒಳ್ಳೆಯದು. ಬಹಳ ಅಂಟು ಇರುವುದರಿಂದ ಸ್ವಲ್ಪ ಡೀಸೆಲ್ ಬೆರೆಸಿ ತೆಳು ಮಾಡಿದೆವು. ಒಣಗುವ ತನಕ ಆ ವಾಸನೆಗೆ ಅಮ್ಮ ಊಟವನ್ನು ಹಿತ್ತಿಲಿಗೆ ಸಾಗಿಸಿದ್ದರು. ರೀಪನ್ನು ಕೂರಿಸುವ ಮೊದಲೇ ನಾಲ್ಕೂ ಬದಿಗೆ, ಕೊಯ್ದ ತುದಿಗಳಿಗೆ ಜಾಸ್ತಿ ಬಳಿಯಬೇಕು. ಕೂರಿಸಿದ ಮೇಲೆ ಬಳಿದರೆ ಪಕ್ಕಾಸಿಗೆ ತಾಗುವ ಬದಿ ಬರೀ ಬರಿದು, ಹುಳ ಶುರುವಾಗುವುದೇ ಅಲ್ಲಿಂದ.

ಪಕ್ಕಾಸಿನ ನೇರಕ್ಕೆ ನೆತ್ತಿಯಿಂದ ಇರವಾರದ (ಮಾಡಿನ ಕೆಳಂಚಿನ) ತನಕ ನೂಲು ಕಟ್ಟಿ ನೋಡಿದೆವು. ಒಂದು ಕಡೆ ನಡು ಸ್ವಲ್ಪ ತಗ್ಗಿತ್ತು. ತಗ್ಗಿದ ಕಡೆ ಹಂಚಿನ ಕೂಡು ಬಾಯಿ ಬಿಡುತ್ತದೆ. ಅಲ್ಲಿ ರೀಪಿನಡಿ ತೆಳು ಹಲಗೆ ಕೊಟ್ಟು ಎತ್ತರಿಸಿದೆವು.

ರೀಪಿನ ದೂರ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ಸಾಮಾನ್ಯ 32 ಸೆಂಟಿಮೀಟರಿನ ಹತ್ತಿರ. ಆದರೆ ಪುಸ್ತಕದ ಅಳತೆ ನಂಬಬಾರದು, ನಿಮ್ಮ ಹಂಚನ್ನೇ ಕೇಳಬೇಕು. ಅಂಗಳದಲ್ಲಿ ಹತ್ತು ಹನ್ನೆರಡು ಹಂಚು ಒಂದರ ಮೇಲೊಂದು ಕೂರಿಸಿ ಉದ್ದಕ್ಕೆ ಜೋಡಿಸಿ. ಎಳೆದು ಬಿಗಿ ಮಾಡಿ ಒಂದು ಅಳತೆ, ಒತ್ತಿ ಸಡಿಲ ಮಾಡಿ ಇನ್ನೊಂದು. ಎರಡರ ಸರಾಸರಿಯನ್ನು ಹಂಚುಗಳ ನಡುವಿನ ಅಂತರಗಳ ಲೆಕ್ಕದಿಂದ ಭಾಗಿಸಿದರೆ ನಿಮ್ಮ ರೀಪಿನ ದೂರ ಸಿಕ್ಕಿತು.

ತೊಳೆಯುವುದು, ಬಡಿಯುವುದು

ಹಾವಸೆಗೆ ತಂತಿ ಬ್ರಶ್ಶು, ನೀರು, ತೋಳು. ಈಗ ಪ್ರೆಶರ್ ಪಂಪು ಬಾಡಿಗೆಗೆ ಸಿಗುತ್ತದೆ, ತಮ್ಮ ತರಲು ಹೊರಟಿದ್ದ. ಹಳೇ ಹಂಚಿಗೆ ಅದು ಬೇಡ. ಸುಟ್ಟ ಮೇಲ್ಮೈ ಕಿತ್ತುಹೋದರೆ ಹಂಚು ಇನ್ನೂ ಜಾಸ್ತಿ ನೀರು ಕುಡಿಯುತ್ತದೆ, ಹಾವಸೆ ಇನ್ನೂ ಬೇಗ ಬರುತ್ತದೆ.

ಒಣಗಿದ ಮೇಲೆ ಬಡಿದು ನೋಡುವುದು. ಪೂರ್ತಿ ಒಣಗಬೇಕು, ಒದ್ದೆ ಹಂಚಿನ ಸ್ವರ ಮಂಕು. ನನ್ನ ಗೆಣ್ಣಿಗೆ ಅಪ್ಪನಷ್ಟು ತಾಕತ್ತಿಲ್ಲ, ಸಣ್ಣ ಮರದ ಸುತ್ತಿಗೆ ಹಿಡಿದೆ. ಮೊದಲು ಎಲ್ಲ ಒಂದೇ ಸ್ವರ ಅನ್ನಿಸುತ್ತದೆ. ಒಂದು ಖಂಡಿತ ಒಳ್ಳೇ ಹಂಚು, ಒಂದು ಖಂಡಿತ ಬಿರುಕಿನದ್ದು ಪಕ್ಕದಲ್ಲಿಟ್ಟುಕೊಂಡು, ಆಗಾಗ ಅವೆರಡನ್ನು ಬಡಿದು ಕಿವಿ ಸರಿಮಾಡಿಕೊಳ್ಳುತ್ತಾ ಹೋದರೆ ವ್ಯತ್ಯಾಸ ತಿಳಿಯತೊಡಗುತ್ತದೆ. ಬಿರುಕಿನ ಸ್ವರ ಸಣ್ಣದಾಗಿ ಒಡೆದು ಎರಡಾಗಿ ಕೇಳುತ್ತದೆ. ಟಣ್ ಬದಲು ಟ-ರ್ರ್. ಡಬ್ ಅನ್ನುವವಕ್ಕಿಂತ ಇವು ಅಪಾಯ. ಕೈಗೆ ಗಟ್ಟಿ ಅನ್ನಿಸುತ್ತವೆ, ಮೊದಲ ತೆಂಗಿನ ಗರಿ ಬಿದ್ದಾಗ ಎರಡು ತುಂಡು.

ಅಡಿಗೆ ಕೋಣೆಯ ಕಡೆಯಿಂದ ಈಚೆ ಸರಿದಿದ್ದ ಕೆಲವು ಹಂಚಿನ ಅಡಿಯಲ್ಲಿ ಇಂಗ್ಲಿಷಿನಲ್ಲಿ ಬಾಸೆಲ್ ಮಿಶನ್ ಟೈಲ್ ವರ್ಕ್ಸ್, 1865 ಅಂತ ಇತ್ತು. ಅದನ್ನು ನೋಡಿದ ಕೂಡಲೇ ಯಾರಾದರೂ "ನೂರಾ ಅರವತ್ತು ವರ್ಷ ಹಳೇದು!" ಅನ್ನುತ್ತಾರೆ. ಹಳೇ ಸಾಮಾನು ಮಾರುವವರೂ ಹಾಗೇ ಹೇಳಿ ಮಾರುತ್ತಾರೆ. 1865 ಕಾರ್ಖಾನೆ ಶುರುವಾದ ವರ್ಷ, ಆ ಹಂಚು ಸುಟ್ಟ ವರ್ಷವಲ್ಲ. ಜರ್ಮನಿಯಿಂದ ಬಂದ ಪ್ಲೆಬ್ಸ್ಟ್ ಅನ್ನುವವರು ಇಲ್ಲೇ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ ಅನ್ನುವ ಕ್ರೈಸ್ತ ಮಿಶನರಿ ಸಂಸ್ಥೆಗಾಗಿ ಹಂಚಿನ ಕೆಲಸ ಶುರು ಮಾಡಿದರು, ನದಿಯ ಜೇಡಿಮಣ್ಣು ಹತ್ತಿರವೇ ಇತ್ತಲ್ಲ. ಮೊದಲ ಮಹಾಯುದ್ಧದ ನಂತರ ಅದು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋಯಿತು. ಹಾಗಾಗಿ ಆ ಹೆಸರಿನ ಹಂಚು ಅಷ್ಟರೊಳಗೆ ಯಾವ ವರ್ಷದ್ದೂ ಇರಬಹುದು. ಕಮ್ಮಿ ಅಂದರೂ ನೂರು ವರ್ಷ ದಾಟಿದೆ, ಬಡಿದರೆ ಈಗಲೂ ಟಣ್ ಅನ್ನುತ್ತದೆ. ಅದೇ ಸಾಕಲ್ವಾ, ವಯಸ್ಸು ಯಾಕೆ ಜಾಸ್ತಿ ಹೇಳಬೇಕು? ಅಪ್ಪ ಈ ಹಂಚುಗಳನ್ನೆಲ್ಲ ಅಡಿಗೆ ಕೋಣೆಯ ಮಾಡಿಗೇ ಇಟ್ಟಿದ್ದರು, ಒಂದು ಅಚ್ಚಿಗೆ ಒಂದು ಮಾಡು ಅಂತ. ನಾವೂ ಅವನ್ನು ಅಲ್ಲಿಗೇ ಸೇರಿಸಿದೆವು. ಕೆಫೆಯ ಗೋಡೆಗೆ ಅಂಟಿಸಲು ಬೇಕು ಅಂತ ಒಬ್ಬರು ಬಂದು ಕೇಳಿದರು. ಗೋಡೆಗೆ ಯಾವ ಹಂಚಾದರೂ ಆಗುತ್ತದೆ ಅಂತ ಅಮ್ಮನೇ ಕಳಿಸಿದರು.

ಹೊದೆಸುವುದು

ಇದಕ್ಕೆ ಜಾಸ್ತಿ ಹೇಳುವುದಿಲ್ಲ. ಇರವಾರದಿಂದ ಮೇಲಕ್ಕೆ, ತೋಡು ಇರುವ ಬದಿ ನೋಡಿ ಒಂದೇ ದಿಕ್ಕಿಗೆ. ಹಿಂಬದಿಯ ಕಿವಿ ರೀಪಿಗೆ ಸಿಕ್ಕಿಕೊಂಡಿದೆಯಾ ಅಂತ ಪ್ರತಿ ಹಂಚನ್ನೂ ಕೆಳಗೆ ಎಳೆದು ನೋಡಬೇಕು. ಇರವಾರದ ಸಾಲನ್ನು ತಂತಿಯಿಂದ ಕಟ್ಟಿದೆವು, ಗಾಳಿ ಮೊದಲು ಎತ್ತುವುದು ಅದನ್ನೇ. ಕಮ್ಮಿ ಬಿದ್ದ ಹಂಚೆಲ್ಲ ಕೊಟ್ಟಿಗೆ ಹಿಂದಿನ ಅಟ್ಟಿಯದ್ದು. ಅದರಲ್ಲೂ ಒಂದೊಂದನ್ನೇ ಬಡಿದೆ, ಅಭ್ಯಾಸಕ್ಕೆ. ಒಂದೂ ಡಬ್ ಅನ್ನಲಿಲ್ಲ. ಹಾವು ಇರಲಿಲ್ಲ, ಹಾವಿನ ಪೊರೆ ಇತ್ತು. ಅಮ್ಮ ಗೆದ್ದರು.

ಎರಡು ಮಾಡು ಕೂಡುವ ಮೂಲೆಯ, ನೀರು ಹರಿಯುವ ತಗಡಿನ ದಂಬೆ ತುಕ್ಕು ತಿಂದು ಜರಡಿಯಾಗಿತ್ತು. ಅಲ್ಯುಮಿನಿಯಂ ಹಾಕಿಸಿದೆವು. ಇದನ್ನು ಮಾಡುವವರು ಒಂದು ವಿಷಯ ನೆನಪಿಡಿ. ಹಸಿ ಸಿಮೆಂಟು ಅಲ್ಯುಮಿನಿಯಮ್ಮನ್ನು ತಿನ್ನುತ್ತದೆ. ಗಾರೆ ತಾಗುವ ಕಡೆಗೆಲ್ಲ ಮೊದಲು ಡಾಮರು ಬಣ್ಣ ಬಳಿಯಬೇಕು. ಟೊಪ್ಪಿ ಹಂಚಿನ ಗಾರೆಗೆ ಪಕ್ಕಾಸಿನ ಮೇಲೆ ಬರೆದಿದ್ದ ಹಾಗೆ ಸುಣ್ಣ ಸೇರಿಸಿದೆವು. ಬರೀ ಸಿಮೆಂಟು ಬಿಸಿಲಿಗೆ ಬೇಗ ಬಿರಿಯುತ್ತದೆ, ಸುಣ್ಣ ಸೇರಿದರೆ ಸ್ವಲ್ಪ ಬಗ್ಗಿಕೊಂಡು ಹೋಗುತ್ತದೆ.

ದೊಡ್ಡಪ್ಪನ ಮಗ ಇಂಜಿನಿಯರು. ನೋಡಲು ಬಂದವನು, ಇಷ್ಟೆಲ್ಲ ಯಾಕೆ, ಮೇಲೆ ಕಬ್ಬಿಣದ ಶೀಟು ಹಾಕಿಸಿ ಬಿಡಿ, ಇಪ್ಪತ್ತು ವರ್ಷ ನೋಡಬೇಕಾಗಿಲ್ಲ ಅಂದ. ಅವನು ಹೇಳಿದ್ದು ಸುಳ್ಳಲ್ಲ. ಊರಲ್ಲಿ ಎಷ್ಟೋ ಹಂಚಿನ ಮನೆಗಳಿಗೆ ಈಗ ಶೀಟಿನ ಟೊಪ್ಪಿ ಇದೆ, ವಯಸ್ಸಾದವರು ಇಬ್ಬರೇ ಇರುವ ಮನೆಗೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ಇಪ್ಪತ್ತು ವರ್ಷ ನೋಡಬೇಕಾಗಿಲ್ಲ ಅನ್ನುವುದೇ ನನಗೆ ಬೇಡದ್ದು. ನಾನು ತಮ್ಮ ನೆಟ್ಟಗೆ ಮಾತಾಡಿ ವರ್ಷಗಳಾಗಿದ್ದವು. ಅವನು ಬೆಂಗಳೂರಲ್ಲಿ, ನಾನಿಲ್ಲಿ, ಫೋನಿನಲ್ಲಿ ಅಮ್ಮನ ಮಾತ್ರೆಯ ವಿಷಯ ಬಿಟ್ಟರೆ ಬೇರೇನಿಲ್ಲ. ಈ ಸಲ ಮಾಡಿನ ಮೇಲೆ ಹಂಚು ಕೈಗೆ ಕೊಡುತ್ತಾ ಅವನು ಕೆಲಸ ಬಿಡುವ ಯೋಚನೆಯಲ್ಲಿದ್ದಾನೆ ಅಂತ ಹೇಳಿದ. ಅಮ್ಮನಿಗೆ ನೀನು ಹೇಳು ಅಂದ. ಹೇಳಿದೆ. ಯಾಕೆ ಅಂತ ನಾನು ಅವನನ್ನು ಕೇಳಲಿಲ್ಲ.

ಮೇ ಕೊನೆಗೆ ಮಳೆ ಹಿಡಿಯಿತು. ಚಾವಡಿ ಒಣಗಿಯೇ ಇದೆ. ಬಚ್ಚಲಿನ ಗೋಡೆಗೆ ಮಾಡು ತಾಗುವ ಕಡೆ ಮಾತ್ರ ಗೋಡೆ ಬೆವರುತ್ತಿದೆ. ಅಲ್ಲಿ ಹಳೇ ಗಾರೆ ಬಿರಿದಿದೆ, ಮಳೆಗಾಲದಲ್ಲಿ ಏನು ಬಳಿದರೂ ಹಿಡಿಯುವುದಿಲ್ಲ. ಸದ್ಯಕ್ಕೆ ತಾರ್ಪಾಲು ಕಟ್ಟಿದ್ದೇವೆ. ಗಾಜಿನ ಹಂಚು ಎರಡು ಮಂಕಾಗಿವೆ, ಅದೇ ಅಚ್ಚಿನದ್ದು ಎಲ್ಲಿ ಸಿಗುತ್ತದೆ ಅಂತ ವಿಚಾರಿಸುತ್ತಿದ್ದೇನೆ. ಕೂಲಿಯವರು ಹಾಕಿದ್ದ ಬೇರೆ ಅಚ್ಚಿನ ಹಂಚುಗಳನ್ನು ಕೋಳಿಗೂಡಿಗೆ ಹೊದೆಸಿದೆವು, ಕೋಳಿಗಳಿಂದ ದೂರು ಬಂದಿಲ್ಲ. ಪೂರ್ವದ ಕಡೆಯ ತೆಂಗಿನ ಮರ ಸೀದಾ ಮಾಡಿನ ಮೇಲೆ ವಾಲಿದೆ. ಕಾಯಿ ತೆಗೆಯುವವರಿಗೆ ಹೇಳಿಟ್ಟಿದ್ದೇನೆ. ಮಳೆಗೆ ಮರ ಜಾರುತ್ತದೆ, ಚೌತಿ ಕಳೆದ ಮೇಲೆ ಬರುತ್ತೇನೆ ಅಂದಿದ್ದಾರೆ. ಅಷ್ಟರೊಳಗೆ ಎಷ್ಟು ಕಾಯಿ ಬೀಳುತ್ತದೋ ನೋಡಬೇಕು. ಅಟ್ಟಿಯಲ್ಲಿ ಇನ್ನೂ ಹಂಚಿದೆ.